ಕೊನೆಗಾಲದ ಅಂಜನ

೯ ಏಪ್ರಿಲ್ ೧೯೬೭, ಆದಿತ್ಯವಾರ. ಮೂಡಬಿದ್ರೆ

ಇವತ್ತು ಅಕ್ಕ ನನ್ನನ್ನು ತನ್ನ ಕಣ್ಣುಗಳ ಬದಲಿಗೆ ಕರೆದುಕೊಂಡು ಹೋದಳು. ನಾನಾಗಿ ಹೋಗುವ ಜಾಗವಲ್ಲ. ಕ್ರಿಸ್ಮಸಿಗೊಮ್ಮೆ ಮಿಶನ್ ದೇವಾಲಯದ ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಬರುವ ನನಗೆ ಅಂಗಳದ ಬೈಬಲ್ ಪ್ರಸಂಗಗಳ ಚಟವಿಲ್ಲ. ಆದರೆ ಯಾಕೋಬ ಚಿನ್ನಯ್ಯ ಪ್ರಸಂಗಕ್ಕೆ ಒಂದು ಪಟ ತೂಗುಹಾಕುತ್ತಾನೆ. ಅಕ್ಕನಿಗೆ ಪಟ ಕಾಣುವುದಿಲ್ಲ. ಪಕ್ಕದಲ್ಲಿ ಕೂತು ಏನೇನಿದೆ ಎಂದು ಹೇಳುವವರು ಬೇಕಿತ್ತು.

ಚಿನ್ನಯ್ಯ ಮೂರು ವರ್ಷದ ಹಿಂದಿನವರೆಗೆ ಬಂಟ್ವಾಳದ ಬಸ್ಸಿನಲ್ಲಿ ಕಂಡಕ್ಟರ್. ಎಲ್ಲಿಂದಲೋ ಅಂಚೆಯಲ್ಲಿ ಪಾಠ ತರಿಸಿ ಓದಿ ಈಗ ಪ್ರವಾದನೆಗಳ ಪಂಡಿತ. ೧೯೬೨ರ ಅಷ್ಟಗ್ರಹ ಕೂಟದ ದಿನ ಅವನ ಬಸ್ಸು ಖಾಲಿ ಓಡಿತ್ತಂತೆ. ಲೋಕ ಮುಗಿಯುತ್ತದೆ ಎಂದರೆ ಜನ ಹೇಗೆ ಬಾಲ ಮಡಚಿ ಕೂರುತ್ತಾರೆ ಎಂದು ಅಂದೇ ಕಂಡುಕೊಂಡಿರಬೇಕು.

ಪಟ ಬರೆದವನು ಬಸ್ಸಿನ ಬೋರ್ಡು ಬರೆಯುವ ಶಂಭು. ಎಡತುದಿಯಲ್ಲಿ ಏದೆನ್ ತೋಟ, ಬಲತುದಿಯಲ್ಲಿ ಬಂಗಾರದ ಪಟ್ಟಣ, ನಡುವೆ ಕಮಾನು ಕಮಾನಾಗಿ ಏಳು ಯುಗ. ಪಟ್ಟಣದ ಹೊರಗೆ ಮೃಗ.

"ಮೃಗ ಹೇಗುಂಟು?" ಅಕ್ಕ ಕೇಳಿದಳು.

"ಏಳು ತಲೆ. ಹತ್ತು ಕೊಂಬು."

"ಏಳು ತಲೆಗೆ ಹತ್ತು ಕೊಂಬು ಹೇಗೆ ಹಂಚಿದ್ದಾನೆ?"

ನೋಡಿ ಹೇಳಿದೆ. ಮೊದಲ ಮೂರು ತಲೆಗೆ ಎರಡೆರಡು, ಉಳಿದವಕ್ಕೆ ಒಂದೊಂದು.

"ಶಂಭುವಿಗೆ ಲೆಕ್ಕ ಬರ್ತದೆ," ಎಂದಳು.

ಚಿನ್ನಯ್ಯ ಬೆತ್ತದಿಂದ ಪಟ ತಟ್ಟಿ ಶುರು ಮಾಡಿದ. "ಇದು ಕತೆ ಅಲ್ಲ, ಟೈಮ್‌ಟೇಬಲ್. ದಾನಿಯೇಲನಿಗೆ ದೇವರು ಕೊಟ್ಟದ್ದು ಎಪ್ಪತ್ತು ವಾರ. ಬಸ್ಸು ಬಿಟ್ಟಿತು. ಅರವತ್ತೊಂಬತ್ತು ವಾರ ಓಡಿತು. ಕ್ರಿಸ್ತ ಶಿಲುಬೆಗೆ ಹೋದ. ಬಸ್ಸು ಮೆಲ್ಕಾರಿನಲ್ಲಿ ನಿಂತಿತು. ಯಾಕೆ ನಿಂತಿತು? ಅಲ್ಲಿ ಇಳಿದು ಬೇರೆ ಬಸ್ಸು ಹತ್ತುವವರು ಉಂಟು. ಅವರು ಯಾರು? ನಾವು, ಸಭೆ! ನಮ್ಮನ್ನು ಮೇಲಕ್ಕೆ ಎತ್ತಿಕೊಂಡ ಮೇಲೆ ಸೀಟಿ. ರೈಟ್ ಪೋಯಿ! ಕೊನೆಯ ವಾರ ಓಡ್ತದೆ. ಆ ವಾರದಲ್ಲಿ ಬಸ್ಸಿನೊಳಗೆ ಇದ್ದವನ ಗತಿ ಕೇಳ್ಬೇಡಿ."

ಸಾವಿರದ ಒಂಬೈನೂರು ವರ್ಷದಿಂದ ಮೆಲ್ಕಾರಿನಲ್ಲಿ ನಿಂತ ಬಸ್ಸು. ಜನ ಆಮೆನ್ ಎಂದರು. ಇವರಿಗೆ ನಗು ಬರುವುದಿಲ್ಲ ಎಂಬುದೇ ನನಗೆ ಸೋಜಿಗ.

೨೩ ಏಪ್ರಿಲ್

ಅಕ್ಕನನ್ನು ಮಂಗಳೂರಿನ ಕಣ್ಣಿನ ಡಾಕ್ಟರಿಗೆ ತೋರಿಸಿ ನಿನ್ನೆ ಬಂದೆವು. ಎರಡೂ ಕಣ್ಣಿಗೆ ಪೊರೆ. ಬಲಗಣ್ಣಿನದು ಬಲಿತು ಹಾಲಿನ ಹಾಗಾಗಿದೆ. ಮಳೆಗಾಲ ಹಿಡಿಯುವ ಮೊದಲು ತೆಗೆಸಿದರೆ ಒಳ್ಳೆಯದು, ಹೆಚ್ಚು ಕಾದರೆ ಒಳಗೇ ಒಡೆದು ಕಣ್ಣೇ ಹೋಗುತ್ತದೆ, ಆಮೇಲೆ ಯಾರು ಏನು ಮಾಡಿದರೂ ಬರುವುದಿಲ್ಲ ಎಂದರು.

ಅಮ್ಮ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನೇಳು. ನನ್ನನ್ನು ಬೆಳೆಸಿದಳು, ಆಮೇಲೆ ಶಾಲೆಯಲ್ಲಿ ಊರಿನ ಮಕ್ಕಳಿಗೆ ಅಕ್ಷರ ಕಲಿಸಿದಳು. ದೀನಾ ಟೀಚರು ಎಂದರೆ ಇಲ್ಲಿಯ ಅರ್ಧ ಪೇಟೆ ಎದ್ದು ನಿಲ್ಲುತ್ತದೆ. ಇಬ್ಬರೂ ಮದುವೆಯಾಗಲಿಲ್ಲ. ಅದಕ್ಕೆ ಕಾರಣ ಹುಡುಕುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ.

ಬಸ್ಸಿನಲ್ಲಿ ಯಾವಾಗ ಹೋಗುವ ಎಂದು ಕೇಳಿದೆ. "ಚಿನ್ನಯ್ಯನ ಪ್ರಸಂಗ ಮುಗಿಯಲಿ, ನೋಡುವ," ಎಂದಳು. ನೋಡುವುದಕ್ಕೇ ಅಲ್ಲವೇ ಎನ್ನಬೇಕೆನಿಸಿತು.

೧೪ ಮೇ

ರಜೆ. ವಿಜಯರಾಜರ ಜಗಲಿಯಲ್ಲಿ ಕೂತಿದ್ದೆ. ನಮ್ಮ ಹೈಸ್ಕೂಲಿನಲ್ಲಿ ನಾನು ವಿಜ್ಞಾನ, ಅವರು ಗಣಿತ. ಚಿನ್ನಯ್ಯನ ಬಸ್ಸಿನ ಕತೆ ಹೇಳಿದೆ. ಅವರು ನಗಲಿಲ್ಲ.

"ನಮ್ಮದರಲ್ಲೂ ಪಟ ಉಂಟು ಎಜ್ರ ಮಾಸ್ಟ್ರೆ. ಈಗ ನಡೆಯುವುದು ಪಂಚಮ ಕಾಲ. ಇಪ್ಪತ್ತೊಂದು ಸಾವಿರ ವರ್ಷ. ಎರಡೂವರೆ ಸಾವಿರ ಕಳೆದದ್ದಷ್ಟೆ."

"ಮತ್ತೆ?"

"ಮತ್ತೆ ಇನ್ನೂ ಕೆಟ್ಟದ್ದು. ಮನುಷ್ಯರು ಒಂದು ಮೊಳ ಉದ್ದ ಆಗ್ತಾರೆ. ಆದರೆ ಗಡಿಬಿಡಿ ಇಲ್ಲ ಮಾರಾಯ್ರೆ, ಚಾ ಕುಡಿಯುವ."

ಎರಡೂ ಒಂದೇ ಜಾತಿಯ ಅಸಂಬದ್ಧ. ಆದರೆ ಜೈನರದ್ದರಲ್ಲಿ ಒಂದು ಸೌಜನ್ಯವಿದೆ. ಯಾರ ಆಪರೇಷನನ್ನೂ ಅದು ಮುಂದೂಡುವುದಿಲ್ಲ.

೮ ಜೂನ್

ಇಸ್ರಾಯೇಲಿನವರು ಯೆರೂಸಲೇಮಿನ ಹಳೇ ಪೇಟೆ ಹಿಡಿದರೆಂದು ರೇಡಿಯೋದಲ್ಲಿ ಬಂತು. ಮಧ್ಯಾಹ್ನ ಚಿನ್ನಯ್ಯ ಕೊಡೆಯಿಲ್ಲದೆ ಮಳೆಯಲ್ಲಿ ಓಡಿ ಬಂದ. ಲಾಟರಿ ಹೊಡೆದವನ ಮುಖ.

"ಟೀಚರೆ, ಅಂಜೂರದ ಮರ ಚಿಗುರಿತು! ಕೊನೆಯ ಕಾಲದ ಗುರುತು ಬಂತು!"

ಅಕ್ಕ ಅವನಿಗೆ ಟವೆಲು ಕೊಟ್ಟಳು. ಅವನು ಹೋದ ಮೇಲೆ ನನ್ನನ್ನು ಕರೆದು ಕೂರಿಸಿ, ಮಗ್ಗಿ ಒಪ್ಪಿಸುವ ದನಿಯಲ್ಲಿ ಹೇಳಿದಳು: "ಮಂಗಳೂರಿಗೆ ಹೋಗುವುದು ಬೇಡ. ಕ್ರಿಸ್ತ ಬರುವ ಕಾಲ ಆಯಿತು. ಬರುವಾಗ ನಮಗೆ ಹೊಸ ಶರೀರ, ಹೊಸ ಕಣ್ಣು. ಈ ಹಳೇದನ್ನು ಕೊಯ್ಯಿಸಿಕೊಂಡು ಎಂತ ಮಾಡುವುದು?"

"ಬರದಿದ್ದರೆ?"

"ಬರ್ತಾನೆ."

"ಬರದಿದ್ದರೆ, ಅಕ್ಕ?"

"ನನ್ನ ಕೈ ಹಿಡಿದು ಬಚ್ಚಲಿಗೆ ಕರಕೊಂಡು ಹೋಗ್ಲಿಕ್ಕೆ ನಿನಗೆ ಬೇಜಾರಾದರೆ ಹೇಳು."



೧೧ ಜೂನ್

ಕೂಗಾಡಿದೆ. ಚಿನ್ನಯ್ಯ ಟಿಕೇಟು ಹರಿಯುತ್ತಿದ್ದವನು, ಅವನ ಮಾತಿಗೆ ಕಣ್ಣು ಕಳೆದುಕೊಳ್ಳುತ್ತೀಯಾ ಎಂದೆ.

"ನೀನು ಓದಿದ್ದೀಯಾ?" ಎಂದಳು. "ದಾನಿಯೇಲ, ಪ್ರಕಟನೆ? ಪಾಠ ಓದದೆ ಪ್ರಶ್ನೆ ಕೇಳುವ ಹುಡುಗನನ್ನು ನೀನು ಎಂತ ಮಾಡ್ತಿ?"

ಬೆಂಚಿನ ಮೇಲೆ ನಿಲ್ಲಿಸುತ್ತೇನೆ. ಸರಿ, ಬೈಬಲಿನ ಈ ಎರಡೂ ಪುಸ್ತಕ ಓದುತ್ತೇನೆ. ಸಂಜೆ ಚಾ ಆದ ಮೇಲೆ ಅವಳಿಗೆ ಗಟ್ಟಿಯಾಗಿ ಓದಿ ಹೇಳುವುದು, ಓದುತ್ತಾ ಓದುತ್ತಾ ಇಡೀ ಗೋಪುರವನ್ನು ಕಲ್ಲು ಕಲ್ಲಾಗಿ ಬಿಚ್ಚಿಡುವುದು. ತಿಂಗಳು ಸಾಕು.

೨೫ ಜೂನ್

ಮೊದಲ ಕಲ್ಲು ಸಿಕ್ಕಿತು. ಇವರ ಪದ್ಧತಿಯಲ್ಲಿ ವಾರವೆಂದರೆ ಏಳು ವರ್ಷ. ಆದರೆ ಪ್ರಕಟನೆಯಲ್ಲಿ ದಿನವೆಂದರೆ ದಿನವೇ. ವಾರ ಉಬ್ಬುತ್ತದೆ, ದಿನ ಉಬ್ಬುವುದಿಲ್ಲ. ಯಾವ ನ್ಯಾಯ? ಅಕ್ಕ ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಚಿನ್ನಯ್ಯನನ್ನು ಕೇಳು ಎಂದಳು. ಪೇಟೆಯಲ್ಲಿ ಸಿಕ್ಕಿದಾಗ ಕೇಳಿದೆ.

"ಮಾಸ್ಟ್ರೆ, ಸೀಸನ್ ಪಾಸಿಗೂ ದಿನದ ಟಿಕೇಟಿಗೂ ಒಂದೇ ರೂಲು ಉಂಟಾ?" ಎಂದು ಬೀಡ ಉಗಿದ.

ಅದೇ ಉತ್ತರ ಎಂದು ಭಾವಿಸಿ ನಕ್ಕ. ಮೂರ್ಖನಿಗೆ ತನ್ನದೇ ಪದ್ಧತಿಯ ಸಮರ್ಥನೆ ಗೊತ್ತಿಲ್ಲ. ಮೂಲಭಾಷೆಯಲ್ಲಿ ‘ವಾರ’ ಎಂಬಲ್ಲಿ ಇರುವುದು ‘ಏಳು’ ಎಂಬಷ್ಟೇ ಅರ್ಥದ ಮಾತು. ಏಳು ದಿನವೂ ಆಗಬಹುದು, ಏಳು ವರ್ಷವೂ ಆಗಬಹುದು. ನಿನ್ನೆ ಮಿಶನ್ ಬಂಗಲೆಯಿಂದ ತಂದ ಹಳೆಯ ಕೋಶದಲ್ಲಿದೆ. ಎದುರಾಳಿಯ ಕತ್ತಿಯನ್ನು ನಾನೇ ಮಸೆದು ಕೊಡಬೇಕಾಗಿದೆ.

೨ ಜುಲೈ

ದೊಡ್ಡ ಡ್ರಾಯಿಂಗ್ ಕಾಗದ, ಕೆಂಪು ನೀಲಿ ಪೆನ್ಸಿಲು ತಂದೆ. ಶಂಭುವಿನ ಪಟದ ತಪ್ಪುಗಳನ್ನು ಒಂದೆಡೆ ಗುರುತಿಸಿಕೊಳ್ಳಲು.

೧೬ ಜುಲೈ

ಮೂರು ದಿನದಿಂದ ಅಕ್ಕನ ಬಲಗಣ್ಣು ಕೆಂಪಾಗಿದೆ. ತಲೆಯ ಆ ಭಾಗವೆಲ್ಲ ಸಿಡಿಯುತ್ತದೆ ಎನ್ನುತ್ತಾಳೆ. ತುಳಸಿ ನೀರು ಬಿಡುತ್ತಾಳೆ. ಡಾಕ್ಟರ ಹೆಸರೆತ್ತಿದರೆ ಗೋಡೆ ಹಿಡಿದು ಒಳಗೆ ಹೋಗುತ್ತಾಳೆ.

ಇವತ್ತು ಓದುವಾಗ ಒಂದು ಯೋಚನೆ ಬಂತು. ಅವಳಿಗೆ ಅಕ್ಷರ ಕಾಣುವುದಿಲ್ಲ. ನಾನೇ ಒಂದು ವಾಕ್ಯ ಹುಟ್ಟಿಸಿ ಓದಬಹುದು: ಆ ದಿನಗಳಲ್ಲಿ ನನ್ನ ಸೇವಕಿಯರು ವೈದ್ಯರ ಬಳಿಗೆ ಹೋಗಲಿ. ಅವಳು ನಂಬುತ್ತಾಳೆ, ನಾಳೆ ಬೆಳಿಗ್ಗೆಯ ಬಸ್ಸಿಗೆ ಸೀರೆ ಉಟ್ಟು ನಿಲ್ಲುತ್ತಾಳೆ. ಬಾಯಿ ತೆರೆದೆ. ಪುಟದಲ್ಲಿ ಇದ್ದದ್ದೇ ಬಂತು.

ಭಯಭಕ್ತಿಯ ಪ್ರಶ್ನೆಯಲ್ಲ. ಹೊರಗಿನ ಒಂದು ವಾಕ್ಯ ತುರುಕಿದರೆ ಪದ್ಧತಿಯೇ ಕೆಡುತ್ತದೆ. ಗೆಲ್ಲುವುದಾದರೆ ಅವರ ನಿಯಮದೊಳಗೇ ಗೆಲ್ಲಬೇಕು. ಪ್ರಕಟನೆಯಲ್ಲಿ ದೇವದೂತರು ಊದುವ ಏಳು ತುತೂರಿಗಳಲ್ಲಿ ಐದನೆಯದರ ಹತ್ತಿರ ಏನೋ ಇದೆ ಅನಿಸುತ್ತದೆ.

೩೦ ಜುಲೈ

ವಿಜಯರಾಜರು ಮನೆಗೆ ಬಂದಿದ್ದರು. ಗೋಡೆಯ ಮೇಲಿನ ನನ್ನ ಕಾಗದ ನೋಡಿ, "ಇದೆಂತ, ಹೊಸ ರೈಲು ದಾರಿಯಾ?" ಎಂದರು. ವಿವರಿಸಿದೆ. ಅರವತ್ತೊಂಬತ್ತನೆಯ ವಾರಕ್ಕೂ ಎಪ್ಪತ್ತನೆಯದಕ್ಕೂ ನಡುವೆ ಅಂತರ ಇರಲೇಬೇಕು, ಇಲ್ಲವಾದರೆ ಮುಂದಿನದು ಯಾವುದೂ ಕೂಡಿಬರುವುದಿಲ್ಲ ಎಂದೆ. ಅವರು ಗಣಿತದವರು, ಗ್ರಹಿಸುತ್ತಾರೆ ಎಂದುಕೊಂಡಿದ್ದೆ.

"ಕೂಡಿಬರದಿದ್ದರೆ ಲೆಕ್ಕ ತಪ್ಪು ಅಂತ ನಾನು ಮಕ್ಕಳಿಗೆ ಹೇಳ್ತೇನೆ," ಎಂದರು. ಒಳಗೆ ನೋಡಿ ದನಿ ತಗ್ಗಿಸಿದರು. "ಅಕ್ಕನವರ ಕಣ್ಣಿಗೆ ಬೈಬಲಿನ ವಾಕ್ಯ ಯಾಕೆ ಮಾರಾಯ್ರೆ? ಬಾವಾನ ಟ್ಯಾಕ್ಸಿ ತರಿಸುವ. ಎತ್ತಿ ಕೂರಿಸುವ. ಬೈದರೆ ಬೈಯಲಿ."

ಎತ್ತಿ ಕೂರಿಸುವುದು! ದನವನ್ನು ಲಾರಿಗೆ ಹತ್ತಿಸುವ ಹಾಗೆ. ಅವಳು ಒಪ್ಪಿ ಬರಬೇಕು. ಜೈನರಿಗೆ ಸಮಯ ಧಾರಾಳ ಇರುವುದರಿಂದ ಯೋಚನೆ ಸಡಿಲ.

೬ ಆಗಸ್ಟ್

ಸಿಕ್ಕಿತು. ತುತೂರಿಯ ಹತ್ತಿರ ಅಲ್ಲ, ಬಹಳ ಹಿಂದೆ, ಎಲ್ಲರೂ ಓದಿ ದಾಟುವ ಮೂರನೆಯ ಅಧ್ಯಾಯದಲ್ಲಿ.

ಪ್ರಕಟನೆಯ ಆರಂಭದಲ್ಲಿ ಏಳು ಸಭೆಗಳಿಗೆ ಏಳು ಪತ್ರ. ಪದ್ಧತಿಯ ಪ್ರಕಾರ ಏಳು ಸಭೆಗಳೆಂದರೆ ಸಭೆಯ ಚರಿತ್ರೆಯ ಏಳು ಕಾಲ. ಏಳನೆಯದು ಲವೊದಿಕೀಯ, ಬೆಚ್ಚಗೂ ಅಲ್ಲದ ತಣ್ಣಗೂ ಅಲ್ಲದ ಸಭೆ, ಅಂದರೆ ಈಗಿನ ಕೊನೆಯ ಕಾಲ. ಆ ಸಭೆಗೆ ಇರುವ ಆಜ್ಞೆಗಳಲ್ಲಿ ಒಂದು: ನಿನ್ನ ಕಣ್ಣು ಕಾಣುವ ಹಾಗೆ ಅಂಜನ ಕೊಂಡು ಹಚ್ಚಿಕೋ. ಪದ್ಧತಿಯ ಮೊದಲನೆಯ ನಿಯಮವೇನು? ಮಾತಿಗೆ ನೇರ ಅರ್ಥ ಸಾಧ್ಯವಿದ್ದಲ್ಲಿ ನೇರ ಅರ್ಥವನ್ನೇ ಹಿಡಿ. ಎರಡನ್ನೂ ಜೋಡಿಸಿದರೆ ಕೊನೆಯ ಕಾಲದವರು ಕಣ್ಣಿಗೆ ಚಿಕಿತ್ಸೆ ಮಾಡಿಸಲೇಬೇಕು. ಒಂದು ಕೂದಲು ತೂರುವಷ್ಟು ಸಂದಿಲ್ಲ.

ಮನೆಯಲ್ಲಿ ಹೇಳಲಿಲ್ಲ. ಅಕ್ಕನನ್ನು ಬಂಟ್ವಾಳದ ಕೂಟಕ್ಕೇ ಕರೆದುಕೊಂಡು ಹೋದೆ. ಚಿನ್ನಯ್ಯನ ಪ್ರಸಂಗ ಮುಗಿಯುತ್ತಲೇ ಎದ್ದು ನಿಂತೆ.

ಕೇಳಿ ಅವನು ತಲೆ ಕೆರೆದ. "ಅದು ಆತ್ಮದ ಕಣ್ಣು ಮಾಸ್ಟ್ರೆ."

"ಪಟ್ಟಣ ಎಂದರೆ ಪಟ್ಟಣ. ಐದನೆಯ ತುತೂರಿಯ ಮಿಡತೆ ಎಂದರೆ ಮಿಡತೆ. ಕಣ್ಣು ಮಾತ್ರ ಯಾಕೆ ಆತ್ಮದ್ದು? ನಿಮ್ಮ ಮೊದಲನೆಯ ನಿಯಮ ಎಲ್ಲಿ ಇಳಿದುಹೋಯಿತು, ಮೆಲ್ಕಾರಿನಲ್ಲಾ?"

ಜನ ಗೊಳ್ಳೆಂದರು. ಹಿಂದಿನಿಂದ ಯಾರೋ "ಕಂಡಕ್ಟ್ರೆ, ಚಿಲ್ಲರೆ ಕೊಡಿ!" ಎಂದ. ಚಿನ್ನಯ್ಯ ಸ್ವಲ್ಪ ಹೊತ್ತು ಪಟ ನೋಡಿದ. ಆಮೇಲೆ ಎರಡೂ ಕೈ ಎತ್ತಿ, "ಮಾಸ್ಟ್ರು ಹೇಳಿದ್ದು ಸರಿ ಉಂಟು. ಆಮೆನ್!" ಎಂದ. ಎಲ್ಲರೂ ಆಮೆನ್ ಎಂದರು. ಒಬ್ಬ ಮುದುಕ ಬಂದು ನನ್ನ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಅಸಹ್ಯವಾಯಿತು. ಕೈ ಎಳೆದುಕೊಳ್ಳಲು ತಡವಾಯಿತು.

ಅಕ್ಕ ದಾರಿಯಲ್ಲಿ ಹೇಳಿದಳು: "ಆಜ್ಞೆ ಇದ್ದರೆ ಹೋಗ್ಬೇಕು. ನಾಡಿದ್ದು ಹೋಗುವ."

೧೭ ಆಗಸ್ಟ್. ಮಂಗಳೂರು

ಆಸ್ಪತ್ರೆಯ ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ. ಬಲಗಣ್ಣು ಮುಗಿದಿದೆ. ಒತ್ತಡಕ್ಕೆ ಒಳಗಿನ ನರ ಸತ್ತಿದೆಯಂತೆ. "ಕೆಂಪಾದ ಕೂಡಲೇ ಯಾಕೆ ತರಲಿಲ್ಲ? ಒಂದು ತಿಂಗಳು ಎಂತ ಮಾಡಿದ್ರಿ?" ಎಂದು ಡಾಕ್ಟರು ನನ್ನನ್ನೇ ಗದರಿಸಿದರು. ಏಳು ಸಭೆಗಳ ವಿಷಯ ಅವರಿಗೆ ಹೇಳಿ ಪ್ರಯೋಜನವಿರಲಿಲ್ಲ. ನುರಿತ ಕೈಯವರು, ಆದರೆ ಒಂದೇ ದಿಕ್ಕಿಗೆ ಓದಿದವರು.

ಎಡಗಣ್ಣಿನ ಪೊರೆ ತೆಗೆದರು. ತಲೆಯ ಎರಡೂ ಬದಿಗೆ ಮರಳಿನ ಚೀಲ ಇಟ್ಟಿದ್ದಾರೆ. ಅಲುಗಬಾರದು, ಕೆಮ್ಮಬಾರದು. ಎರಡು ಕಣ್ಣಿಗೂ ಪಟ್ಟಿ.

ಬಲಗಣ್ಣಿನ ವಿಷಯ ಹೇಳಿದೆ. "ಜುಲೈಯಲ್ಲಿ ತುಂಬಾ ನೋವು ಇತ್ತು ಎಜ್ರ," ಎಂದಳು. ಆಮೇಲೆ ನೀರು ಕೇಳಿದಳು. ಚಮಚದಲ್ಲಿ ಕೊಟ್ಟೆ.

೨೧ ಆಗಸ್ಟ್

ಅಕ್ಕನಿಗೆ ಹೊತ್ತು ಹೋಗಲೆಂದು ಪ್ರಕಟನೆ ಓದುತ್ತೇನೆ. ಪಕ್ಕದ ಮಂಚದವರೂ ಕೇಳುತ್ತಾರೆ, ಅಬೂಬಕ್ಕರ್ ಎಂಬ ಮೀನು ವ್ಯಾಪಾರಿಯೂ. "ಮತ್ತೆ ಆ ಮೃಗ ಎಂತ ಆಯಿತು?" ಎಂದು ಬೆಳಿಗ್ಗೆಯೇ ಶುರು. ರೋಗಿಗಳನ್ನು ನೋಡಲು ಬಂದ ಒಬ್ಬ ಪಾದ್ರಿ, ಇವೆಲ್ಲ ರೂಪಕ, ಸಮಾಧಾನಕ್ಕೆ ಬರೆದದ್ದು ಎಂದ. ನಾಲ್ಕನೆಯ ಮುದ್ರೆಗೂ ನಾಲ್ಕನೆಯ ತುತೂರಿಗೂ ವ್ಯತ್ಯಾಸ ಕೇಳಿದೆ. ತೊದಲಿದ. ಸಂಬಳ ತೆಗೆದುಕೊಳ್ಳುವವರು ಇಷ್ಟಾದರೂ ಕಲಿತಿರಬೇಡವೇ?

೨೯ ಆಗಸ್ಟ್

ಪಟ್ಟಿ ಬಿಚ್ಚಿದರು. ಕಾಣುತ್ತದೆ. ಮೊದಲು ಕಿಟಕಿ ನೋಡಿದಳು, ಆಮೇಲೆ ನನ್ನನ್ನು.

"ಗಡ್ಡ ಯಾಕೆ ಬಿಟ್ಟಿದ್ದೀ?"

ಬಿಟ್ಟದ್ದಲ್ಲ, ಬೋಳಿಸಲು ಹೊತ್ತು ಸಿಗಲಿಲ್ಲ ಎಂದೆ.

೮ ಅಕ್ಟೋಬರ್. ಮೂಡಬಿದ್ರೆ

ಅಕ್ಕನಿಗೆ ದಪ್ಪ ಕನ್ನಡಕ ಬಂದಿದೆ. ಮನೆಯೆಲ್ಲ ತಿರುಗಿ ಜೇಡರ ಬಲೆ ತೆಗೆಸಿದಳು. ಅಕ್ಕಿಯಲ್ಲಿ ತಾನೇ ಕಲ್ಲು ಆರಿಸುತ್ತಾಳೆ. ಮೂರು ಮನೆಯ ಮಕ್ಕಳನ್ನು ಸೇರಿಸಿ ಅಕ್ಷರ ತಿದ್ದಿಸುತ್ತಾಳೆ. ಸಂಜೆ ಚಾ ಆದ ಮೇಲೆ ನಾನು ಪುಸ್ತಕ ತಂದರೆ, "ನನಗೀಗ ಕಾಣ್ತದಲ್ಲ," ಎನ್ನುತ್ತಾಳೆ. ಅವಳು ಓದುವುದು ಕೀರ್ತನೆಗಳು, ರೂತಳ ಕತೆ. ವಾರಪತ್ರಿಕೆ ಕೂಡ.

ಎಪ್ಪತ್ತನೆಯ ವಾರದ ನಡುಭಾಗವನ್ನು ನಾನು ಬಿಡಿಸಿದ್ದೇನೆ. ಅಂಚೆಪಾಠದವರೂ ಅಲ್ಲಿ ಎಡವಿದ್ದಾರೆ. ಅದನ್ನು ಹೇಳಹೊರಟೆ.

"ಬರುವಾಗ ಬರ್ಲಿ ಮಾರಾಯ," ಎಂದಳು. "ಬಂದವನಿಗೆ ಬಾಗಿಲು ತೆಗೆದರೆ ಆಯಿತು. ನೀನು ಆ ಕಾಗದ ಗೋಡೆಯಿಂದ ತೆಗೆ, ಗೆದ್ದಲು ಹಿಡೀತದೆ."

ಇಷ್ಟೇ ಇವಳ ನಂಬಿಕೆ. ಕಣ್ಣು ಬಂದ ಕೂಡಲೇ ಲೋಕ ಬೇಕಾಯಿತು. ನಾನು ನಂಬುವವನಲ್ಲ, ಆದರೂ ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವವನೂ ಅಲ್ಲ.

೧೯ ನವೆಂಬರ್

ಮಡಂತ್ಯಾರಿನ ಕೂಟಕ್ಕೆ ಹೋಗಿ ಬಂದೆ. ಚಿನ್ನಯ್ಯನಿಗೆ ಜ್ವರ. ಬೇರೆ ಯಾರನ್ನಾದರೂ ಕಳಿಸಿದರೆ ತುತೂರಿಗಳ ಕ್ರಮ ಕೆಡಿಸುತ್ತಾರೆ, ಆದ್ದರಿಂದ ನಾನೇ. ನನ್ನ ಪಟ ಒಯ್ದಿದ್ದೆ. ಹೊರಡುವಾಗ ಅಕ್ಕ ಮೆಟ್ಟಿಲವರೆಗೆ ಬಂದು, "ಸಾಕು ಎಜ್ರ, ಹೋಗ್ಬೇಡ," ಎಂದಳು. ತಿದ್ದಲು ಹೋಗುವುದು ಎಂದೆ. ಶಾಲೆಯಲ್ಲೂ ಅದನ್ನೇ ಮಾಡುವುದು. ಅವಳಿಗೆ ಅರ್ಥವಾಗಲಿಲ್ಲ.

ಅಂಗಳ ತುಂಬಿತ್ತು. ಚಿನ್ನಯ್ಯನ ಬಸ್ಸು, ಸೀಟಿ ಯಾವುದೂ ಇಲ್ಲದೆ ಶುದ್ಧವಾಗಿ ಹೇಳಿದೆ. ಅರ್ಧ ಜನ ತೂಕಡಿಸಿದರು. ಅರ್ಹತೆ ಇಲ್ಲದವರ ಮುಂದೆ ಇದು ಸಹಜ.

ಮುಗಿದ ಮೇಲೆ ಸೇಸಮ್ಮ ಎಂಬ ಹೆಂಗಸು ಕುಂಟುತ್ತ ಬಂದಳು. ಸಭೆಗೆ ಸೇರಿದವಳಲ್ಲ, ಗದ್ದೆ ಕೆಲಸದವಳು.

"ಮಾಸ್ಟ್ರೆ, ನಿಮ್ಮ ಅಕ್ಕನಿಗೆ ಕಣ್ಣು ಬಂತಂತೆ. ನೀವು ಪುಸ್ತಕ ನೋಡಿ ಹೇಳಿದ್ದಂತೆ."

ಕಾಲಿಗೆ ಸುತ್ತಿದ ಬಟ್ಟೆ ಬಿಚ್ಚಿದಳು. ಹೆಬ್ಬೆರಳು ಇದ್ದಲಿನ ಹಾಗೆ ಕಪ್ಪು. ಕಪ್ಪು ಪಾದಕ್ಕೂ ಹತ್ತಿತ್ತು. ಪಕ್ಕದವರು ಮೂಗು ಮುಚ್ಚಿ ಸರಿದರು.

"ಬೆಳ್ತಂಗಡಿ ಡಾಕ್ಟ್ರು ಬೆರಳು ತೆಗೀಬೇಕು, ನಾಳೆಯೇ ಬಾ ಅಂತಾರೆ. ಚಿನ್ನಯ್ಯನವರು ಇನ್ನು ಹೆಚ್ಚು ದಿನ ಇಲ್ಲ, ಎಲ್ಲರಿಗೂ ಹೊಸ ಶರೀರ ಅಂತಾರೆ. ನಾನು ಹೋಗ್ಬೇಕಾ ಮಾಸ್ಟ್ರೆ, ಕಾಯ್ಬೇಕಾ? ನೀವು ಹೇಳಿದ ಹಾಗೆ."

ಪ್ರಶ್ನೆ ಸುಲಭದ್ದಲ್ಲ. ಕಣ್ಣಿಗೆ ಸ್ಪಷ್ಟ ಆಜ್ಞೆಯಿದೆ, ಕಾಲಿಗೆ ಇಲ್ಲ. ದಾನಿಯೇಲನ ಪುಸ್ತಕದಲ್ಲಿ ಬರುವ ಕನಸಿನ ಪ್ರತಿಮೆಗೆ ಕಬ್ಬಿಣ ಜೇಡಿಮಣ್ಣಿನ ಕಾಲ್ಬೆರಳುಗಳಿವೆ, ಅವು ರಾಜ್ಯಗಳು. ಕೆಟ್ಟ ಕಾಲನ್ನು ಕಡಿದುಹಾಕು ಎಂಬ ಮಾತು ಸುವಾರ್ತೆಯಲ್ಲಿದೆ. ಆದರೆ ಅದನ್ನು ಹೇಳಿದ್ದು ಸಭೆಯ ಕಾಲ ಆರಂಭವಾಗುವ ಮೊದಲು, ಯೆಹೂದ್ಯರಿಗೆ. ಅದನ್ನು ಎತ್ತಿ ಈ ಕಾಲಕ್ಕೆ ತರುವುದು ನಿಯಮ ಮುರಿದಂತೆ. ಚಿನ್ನಯ್ಯನಾಗಿದ್ದರೆ ನಾಚಿಕೆಯಿಲ್ಲದೆ ಕೂಡಲೇ ತಂದು ಹೇಳಿಬಿಡುತ್ತಿದ್ದ. ನನ್ನಿಂದ ಅದು ಸಾಧ್ಯವಿಲ್ಲ.

ಸರಿಯಾಗಿ ನೋಡಬೇಕು, ಬರುವ ಆದಿತ್ಯವಾರ ಹೇಳುತ್ತೇನೆ ಎಂದೆ.

"ಅಷ್ಟರವರೆಗೆ ಎಂತ ಮಾಡುವುದು?" ಎಂದಳು.

ಒಂದು ವಾರ ಕಾಯುವ ತಾಳ್ಮೆ ಈ ಜನಕ್ಕಿಲ್ಲ.